ಬದಲಾಗದೆ ಉಳಿಯುವುದು ಯಾವುದು?

ಮೊನ್ನೆ ಸಂಜೆ ಸಿಂಗಸಂದ್ರದ ನಮ್ಮ ಮನೆಯಲ್ಲಿ ಮೊಮ್ಮಗಳು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಕಣ್ಣು ತುಂಬಿ ಕುಳಿತಿದ್ದಳು. ಪ್ರಶ್ನೆ ಇಷ್ಟೆ: 30 ಲೀಟರ್ ಮಿಶ್ರಣದಲ್ಲಿ ಹಾಲು ಮತ್ತು ನೀರು 7:3ರ ಅನುಪಾತದಲ್ಲಿವೆ, ಇನ್ನೆಷ್ಟು ನೀರು ಬೆರೆಸಿದರೆ ಅದು 3:2 ಆದೀತು? "ತಾತ, ಇದಕ್ಕೆ ಯಾವ ಸೂತ್ರ?" ಎಂದಳು. ಆ ಮಾತು ನನ್ನನ್ನು ನಾಟಿತು. ಅರ್ಧ ಶತಮಾನದ ಹಿಂದೆ ನಾನೂ ಸೂತ್ರವನ್ನೇ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಮರೆತು, ಗಣಿತ ನನಗೆ ಒಲಿಯದೆಂದು ಬಗೆದು ಸಾಹಿತ್ಯದ ಕಡೆಗೆ ಹೊರಟವನು.

ಮೊದಲು ತಿಳಿಯಬೇಕಾದುದು, ಅನುಪಾತದ ಅಂಕಿಗಳು ಲೀಟರುಗಳಲ್ಲ, ಪಾಲುಗಳು. ನಮ್ಮ ಬೀದಿಯಲ್ಲಿ ಮನೆ ಕಟ್ಟುವ ಮೇಸ್ತ್ರಿ ಸಿಮೆಂಟು, ಮರಳು, ಜಲ್ಲಿಗಳನ್ನು 1:2:4 ಎನ್ನುವಾಗ ಪಾಲು ಬಾಂಡ್ಲಿಯಾದರೂ ಆಗಬಹುದು, ಪೆಟ್ಟಿಗೆಯಾದರೂ ಆಗಬಹುದು. ನಮ್ಮ ಮಿಶ್ರಣದಲ್ಲಿ ಒಟ್ಟು ಹತ್ತು ಪಾಲು. ಪಾಲಿಗೆ 3 ಲೀಟರ್. ಆದ್ದರಿಂದ ಹಾಲು 21, ನೀರು 9 ಲೀಟರ್.

ಇನ್ನು ಕೇಳಬೇಕಾದ ಪ್ರಶ್ನೆ: ಬದಲಾಗದೆ ಉಳಿಯುವುದು ಯಾವುದು? ನೀರು ಹೆಚ್ಚುತ್ತದೆ, ಒಟ್ಟು ಮೊತ್ತವೂ ಹೆಚ್ಚುತ್ತದೆ. ಹಾಲು ಮಾತ್ರ 21 ಲೀಟರೇ. ಹೊಸ ಅನುಪಾತದಲ್ಲಿ ಅದು ಮೂರು ಪಾಲು. ಪಾಲಿಗೆ 7 ಲೀಟರ್. ನೀರು ಎರಡು ಪಾಲು, ಎಂದರೆ 14 ಲೀಟರ್. ಇರುವುದು 9, ಬೆರೆಸಬೇಕಾದುದು 5. ಸೂತ್ರದ ಹಂಗೇ ಬೇಕಾಗಲಿಲ್ಲ.

ಈ ಲೆಕ್ಕ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಮಿಶ್ರಕ ವ್ಯವಹಾರವೆಂಬ ಪ್ರಕರಣವೇ ಇದೆ. ಬೇರೆ ಬೇರೆ ವರ್ಣದ, ಎಂದರೆ ಬೇರೆ ಬೇರೆ ಶುದ್ಧತೆಯ ಚಿನ್ನಗಳನ್ನು ಕರಗಿಸಿ ಬೆರೆಸುವ ಲೆಕ್ಕಗಳು ಅದರಲ್ಲಿವೆ. ಅಪ್ಪಟ ಚಿನ್ನಕ್ಕೆ 16 ವರ್ಣ. ತೂಕವನ್ನು ವರ್ಣದಿಂದ ಗುಣಿಸಿ, ಬಂದುದನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. 14 ವರ್ಣದ ಎಂಟು ತೊಲ, 11 ವರ್ಣದ ನಾಲ್ಕು ತೊಲ ಸೇರಿದವೆನ್ನೋಣ: 112 ಮತ್ತು 44 ಕೂಡಿ 156, ಹನ್ನೆರಡರಿಂದ ಭಾಗಿಸಿದರೆ 13 ವರ್ಣ. ಇಲ್ಲಿಯೂ ಕರಗಿಸುವ ಮುನ್ನ ಇದ್ದ ಅಪ್ಪಟ ಚಿನ್ನವೇ ಕರಗಿದ ಮೇಲೂ ಇರುತ್ತದೆ. ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ.

ಅವೇ ಎರಡು ಚಿನ್ನಗಳಿಂದ 12 ವರ್ಣದ್ದು ಬೇಕಾದರೆ? ಮೊದಲನೆಯದು ತೊಲಕ್ಕೆ ಎರಡು ಹೆಚ್ಚು, ಎರಡನೆಯದು ಒಂದು ಕಡಿಮೆ. ಹೆಚ್ಚು ಕಡಿಮೆಗಳು ಸರಿದೂಗಬೇಕಾದರೆ ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು.

ಮಹಾವೀರನು ತನ್ನ ಗ್ರಂಥದಲ್ಲಿ ಸ್ತುತಿಸಿರುವ ದೊರೆ ಅಮೋಘವರ್ಷ ನೃಪತುಂಗ. ತರಗತಿಯಲ್ಲಿ 'ಕವಿರಾಜಮಾರ್ಗ'ವನ್ನು ವರ್ಷವರ್ಷವೂ ಪಾಠ ಹೇಳಿದ ನಾನು, ಅದೇ ಕಾಲದ ಈ ಗಣಿತಜ್ಞನ ಹೆಸರನ್ನು ವಿದ್ಯಾರ್ಥಿಗಳ ಮುಂದೆ ಒಮ್ಮೆಯೂ ಎತ್ತಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದುದನ್ನೂ ಹೆಸರು ಹೇಳಿ ದಾಟಿಬಿಟ್ಟೆ. ಲೆಕ್ಕಕ್ಕೆ ಹೆದರಿದ ಹುಡುಗ ನನ್ನೊಳಗೆ ಹಾಗೆಯೇ ಉಳಿದಿದ್ದನೆಂದು ಈಗ ತೋರುತ್ತದೆ.

ಮೊಮ್ಮಗಳು ಮುಂದಿನ ಲೆಕ್ಕವನ್ನು ಓದಿದಳು. ಈ ಸಲ ಸೂತ್ರ ಕೇಳಲಿಲ್ಲ. "ತಾತ, ಇದರಲ್ಲಿ ನೀರು ಬದಲಾಗುವುದಿಲ್ಲ, ಅಲ್ಲವೆ?" ಎಂದಳು. ಹೌದೆಂದೆ. ಉಳಿದುದನ್ನು ಅವಳೇ ಮಾಡಿ ಮುಗಿಸಿದಳು.