ಒಂದು ತೋಟ, ಹಲವು ಕೊಯ್ಲು
(ಮುಹೈಸ್ನಾದಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಯಲುಸೀಮೆಯವರಿಗೆ ಸುಗ್ಗಿಯೆಂದರೆ ಒಂದು ನಿಶ್ಚಿತ ಕಾಲ. ರಾಗಿಯೋ ಜೋಳವೋ ಕಣಕ್ಕೆ ಬರುತ್ತದೆ, ರಾಶಿ ಪೂಜೆ ನಡೆಯುತ್ತದೆ, ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ವರ್ಷದ ದುಡಿಮೆಗೆ ಒಂದು ವಿರಾಮ ದೊರೆಯುತ್ತದೆ. ದಕ್ಷಿಣ ಕನ್ನಡ, ಕಾಸರಗೋಡು ಹಾಗೂ ಮಲೆನಾಡಿನ ಕುಟುಂಬಗಳು ನಡೆಸುವ ತೋಟಗಳಲ್ಲಿ ಹೀಗೆ ಬೆರಳಿಟ್ಟು ತೋರಿಸಬಹುದಾದ ಒಂದೇ ಸುಗ್ಗಿಯಿಲ್ಲ. ಅಲ್ಲಿಂದ ಬಂದ ದೂರವಾಣಿ ಕರೆಯಲ್ಲಿ "ಈಗ ಕೊಯ್ಲಿನ ಸಮಯ" ಎಂಬ ಮಾತು ಕೇಳಿದರೆ, "ಯಾವುದರ ಕೊಯ್ಲು?" ಎಂದು ಮತ್ತೆ ಕೇಳಬೇಕಾಗುತ್ತದೆ. ಈ ಮರುಪ್ರಶ್ನೆಯಲ್ಲಿಯೇ ನಮ್ಮ ತೋಟಗಾರಿಕೆಯ ಬುದ್ಧಿವಂತಿಕೆಯೂ ಅದರ ಇಂದಿನ ಸಂಕಟವೂ ಅಡಗಿವೆ. ಇವೆರಡನ್ನೂ ಇಂದು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

ಅಂತಸ್ತುಗಳ ತೋಟ

ತಾವು ನೆಲೆಸಿರುವ ದೇಶದಲ್ಲಿಯೇ ಇದಕ್ಕೊಂದು ಹೋಲಿಕೆಯಿದೆ. 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ ಐನ್‌ನ ಓಯಸಿಸ್ಸುಗಳನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿ ಮೇಲೆ ಖರ್ಜೂರದ ತಲೆ, ಅದರ ನೆರಳಿನಲ್ಲಿ ಮಾವು, ನಿಂಬೆಯಂಥ ಹಣ್ಣಿನ ಗಿಡಗಳು, ನೆಲಮಟ್ಟದಲ್ಲಿ ದನಕರುಗಳಿಗೆ ಮೇವು. ಬೆಟ್ಟದ ಬುಡದಿಂದ ನೆಲದಡಿಯಲ್ಲಿ ಹರಿದುಬರುವ ಫಲಜ್ ಎಂಬ ಕಾಲುವೆಯ ನೀರನ್ನು ಇಂತಿಷ್ಟು ಹೊತ್ತು ಎಂದು ಹಂಚಿಕೊಂಡು ಆ ತೋಟಗಳನ್ನು ಬೆಳೆಸಿದರು. ಮರುಭೂಮಿಯ ರೈತನೂ ಮಳೆನಾಡಿನ ರೈತನೂ ಪರಸ್ಪರ ಕಾಣದೆ ಒಂದೇ ತೀರ್ಮಾನಕ್ಕೆ ಬಂದದ್ದು ಸೋಜಿಗದ ಸಂಗತಿ.

ನಮ್ಮಲ್ಲಿ ಮೇಲಿನ ಅಂತಸ್ತು ತೆಂಗು ಮತ್ತು ಅಡಿಕೆಯದು. ಅಡಿಕೆಯ ಕಾಂಡವನ್ನೇ ಆಧಾರವಾಗಿಸಿಕೊಂಡು ಕಾಳುಮೆಣಸಿನ ಬಳ್ಳಿ ಏರುತ್ತದೆ. ಮರಗಳ ನಡುವಣ ನೆರಳಿನಲ್ಲಿ ಕೊಕ್ಕೋ ಮತ್ತು ಬಾಳೆ, ಅಲ್ಲಲ್ಲಿ ಜಾಯಿಕಾಯಿ, ವೀಳ್ಯದೆಲೆ. ತೋಟದ ಅಂಚಿನಲ್ಲಿ ಹಲಸು, ಮಾವು, ಪುನರ್ಪುಳಿ, ಗುಡ್ಡದ ಮೇಲೆ ಗೇರು, ತಗ್ಗಿನಲ್ಲಿ ಗದ್ದೆ. ಅಡಿಕೆಗೆ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ ಅಂತರ ಸಾಕು. ಒಂದು ಹೆಕ್ಟೇರಿಗೆ ಸುಮಾರು 1,300 ಮರಗಳು ಹಿಡಿಸುತ್ತವೆ. ಆ ಒಂಬತ್ತು ಅಡಿಯ ನಡುವೆ ಉಳಿಯುವ ನೆಲವನ್ನೂ ಬಿಸಿಲಿನ ತುಣುಕನ್ನೂ ವ್ಯರ್ಥವಾಗಲು ಬಿಡದಿರುವುದೇ ಮಿಶ್ರ ಬೆಳೆಯ ಗುಟ್ಟು.

ನೀರಿನ ವಿಷಯದಲ್ಲಿಯೂ ಸಾಮ್ಯವುಂಟು. ಬಂಟ್ವಾಳ, ಕಾಸರಗೋಡಿನ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಫಲಜಿನ ದೂರದ ಬಂಧುಗಳಂತೆ ತೋರುತ್ತವೆ. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದರು. ಹಲವು ಸುರಂಗಗಳು ಬರಿದಾದ ಮೇಲೂ ಕೈಬಿಡದೆ ನೀರು ಕಂಡರು. ಅದೇ ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಮೆಣಸು ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ವರ್ಷದ ಸರದಿ

ಜೂನ್‌ನಲ್ಲಿ ಮಳೆ ಹಿಡಿದಾಗ ಕೊಕ್ಕೋ ಕಾಯಿಗಳ ಒಂದು ಸುತ್ತು ಮುಗಿಯುತ್ತ ಬಂದಿರುತ್ತದೆ, ಜಾಯಿಕಾಯಿ ಬಿರಿಯತೊಡಗುತ್ತದೆ. ಮಳೆಗಾಲದ ಮುಖ್ಯ ಕೆಲಸ ಕೊಯ್ಲಲ್ಲ, ಕಾವಲು. ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣವನ್ನು ಕಿಲೋಗೆ ಕಿಲೋ ನೂರು ಲೀಟರ್ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗದ ಬಗ್ಗೆ ವರದಿ ಪ್ರಕಟಿಸಿದರು. ಶತಮಾನ ಕಳೆದರೂ ಬೋರ್ಡೋ ದ್ರಾವಣವೇ ನಮ್ಮ ರೈತನ ಮೊದಲ ಆಯುಧ. ಜುಲೈಯಲ್ಲಿ ಬಿಸಿಲು ನೋಡಿ ಒಂದು ದಿನ ಸಿಂಪಡಣೆ ತಪ್ಪಿದರೆ ಡಿಸೆಂಬರಿನ ಅಂಗಳ ಬರಿದಾಗುವುದುಂಟು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಏಣೆಲು ಭತ್ತ ಮಾಗುತ್ತದೆ. ಹೊಸ ತೆನೆಯನ್ನು ಮನೆಯ ಕಂಬಕ್ಕೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಆಚರಣೆ ಈ ಕಾಲದ್ದು. ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಮತ ಬೇರೆಯಾದರೂ ತೆನೆ ಒಂದೇ. ಮಳೆ ಹಿಂದೆ ಸರಿದ ಮೇಲೆ ಕೊಕ್ಕೋದ ಇನ್ನೊಂದು ಸುತ್ತು. ನವೆಂಬರ್, ಡಿಸೆಂಬರ್‌ನಿಂದ ಅಡಿಕೆಯ ಮೊದಲ ಕೊಯ್ಲು. ಅದು ಮೂರು ನಾಲ್ಕು ಬಾರಿಯಾಗಿ ಏಪ್ರಿಲ್, ಮೇ ತನಕ ಸಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕಾಳುಮೆಣಸು. ಅದೇ ಹೊತ್ತಿಗೆ ಸುಗ್ಗಿಯ ಭತ್ತ. ಫೆಬ್ರವರಿಯಿಂದ ಗೇರುಬೀಜ, ಉಪ್ಪಿನಕಾಯಿಯ ಮಾವಿನ ಮಿಡಿ. ಏಪ್ರಿಲ್, ಮೇಯಲ್ಲಿ ಹಲಸಿನ ಹಪ್ಪಳ, ಪುನರ್ಪುಳಿಯ ಸಿಪ್ಪೆ ಒಣಗಿಸುವ ಅವಸರ. ತೆಂಗಿಗೆ ಕಾಲವೇ ಇಲ್ಲ. ಸುಮಾರು ನಲವತ್ತೈದು ದಿನಕ್ಕೊಮ್ಮೆ ಅದರ ಸರದಿ. ಹೂವಿನಿಂದ ಬಲಿತ ಕಾಯಿಯಾಗಲು ಅದಕ್ಕೆ ವರ್ಷ ಬೇಕಾದರೂ, ಒಂದೇ ಮರದಲ್ಲಿ ಎಲ್ಲ ತಿಂಗಳುಗಳ ಗೊನೆಗಳು ಏಕಕಾಲಕ್ಕೆ ತೂಗುತ್ತಿರುತ್ತವೆ.

ಕೊಯ್ದ ಮೇಲಿನ ಕೆಲಸ

ಕೊಯ್ಲು ಎಂದರೆ ಮರದಿಂದ ಇಳಿಸುವುದು ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ನಮ್ಮ ಬೆಳೆಗಳಲ್ಲಿ ಬಹುಪಾಲು ಶ್ರಮ ಇಳಿಸಿದ ಮೇಲೆಯೇ ಆರಂಭವಾಗುತ್ತದೆ.

ದಕ್ಷಿಣ ಕನ್ನಡದಲ್ಲಿ ಅಡಿಕೆಯನ್ನು ಹಣ್ಣಾದ ಮೇಲೆ ಕೊಯ್ದು, ಸಿಪ್ಪೆಯೊಡನೆಯೇ ಅಂಗಳದಲ್ಲಿ ಹರವಿ ಮೂವತ್ತೈದು ನಲವತ್ತು ದಿನ ಬಿಸಿಲಿಗೆ ಒಣಗಿಸುತ್ತಾರೆ. ಇದು ಚಾಲಿ. ಆಗಾಗ ಮಗುಚಬೇಕು, ಅಕಾಲದ ಮಳೆ ಬಂದರೆ ರಾತ್ರೋರಾತ್ರಿ ಒಟ್ಟುಗೂಡಿಸಬೇಕು. ಸುಲಿದ ಮೇಲೆ ಆಯುವ ಕೆಲಸ: ಗಟ್ಟಿ ಅಡಿಕೆ ಒಂದೆಡೆ, ಬಿರಿದ ಪಟೋರ, ಉಳ್ಳಿಗಡ್ಡೆ, ಕೋಕ ಬೇರೆ ಬೇರೆಡೆ. ಒಂದೊಂದಕ್ಕೂ ಒಂದೊಂದು ಧಾರಣೆ. ಮಲೆನಾಡಿನ ಕ್ರಮವೇ ಬೇರೆ. ಅಲ್ಲಿ ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರಿನೊಡನೆ ಬೇಯಿಸಿ ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಹಸಿ ಕಾಯಿ ಕಾಯುವುದಿಲ್ಲವಾದ್ದರಿಂದ ರಾತ್ರಿಯೆಲ್ಲ ಸುಲಿಯುವ ಕೂಟ. ಇಂದು ನಿನ್ನ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀನು ಎಂಬ ಮುಯ್ಯಾಳಿನ ಪದ್ಧತಿ ಈ ಅವಸರದಿಂದಲೇ ಬಾಳಿತು.

ಕಾಳುಮೆಣಸನ್ನು ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ಯಬೇಕು. ತಡವಾದರೆ ಹಕ್ಕಿಯ ಪಾಲು, ಮೊದಲೇ ಕೊಯ್ದರೆ ಪೊಳ್ಳು. ನೂರು ಕಿಲೋ ಹಸಿ ಮೆಣಸು ಒಣಗಿ ಸುಮಾರು ಮೂವತ್ತಮೂರು ಕಿಲೋಗೆ ಇಳಿಯುತ್ತದೆ. ಕೊಕ್ಕೋ ಕಾಯಿಯನ್ನು ತಿರುಚಿ ಕೀಳಬಾರದು. ಅದು ಕಾಂಡಕ್ಕೆ ಅಂಟಿದ ಜಾಗದಲ್ಲಿಯೇ ಮುಂದಿನ ಹೂ ಬರಬೇಕು. ಒಡೆದ ಕಾಯಿಯ ಬೀಜಗಳನ್ನು ಲೋಳೆಯೊಡನೆ ಆರು ದಿನ ಹುದುಗು ಬರಿಸಿದರೆ ಮಾತ್ರ ಚಾಕೊಲೇಟಿನ ರುಚಿಗೆ ಬುನಾದಿ ಬೀಳುತ್ತದೆ. ಅಂಗಡಿಯಲ್ಲಿ ಮಕ್ಕಳು ಕೊಳ್ಳುವ ಸಿಹಿಯ ಹಿಂದೆ ಹುಳಿಯ ವಾಸನೆಯ ಆರು ದಿನಗಳಿವೆ.

ಹಲವು ಏಕೆ?

ಒಂದೇ ಬೆಳೆ ಬೆಳೆದರೆ ಕೆಲಸ ಸುಲಭ, ಮಾರಾಟವೂ ಸುಲಭ. ಹಾಗಿದ್ದೂ ನಮ್ಮ ಹಿರಿಯರು ಈ ಗೋಜಲನ್ನು ಏಕೆ ಹೊತ್ತರು? ಉತ್ತರ ಮಾರುಕಟ್ಟೆಯ ಇತಿಹಾಸದಲ್ಲಿದೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿತು. ಆ ಸಂಕಟದಲ್ಲಿ ಹುಟ್ಟಿದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಕೂಡಿ ಕಟ್ಟಿದ ಸಹಕಾರ ಸಂಸ್ಥೆಯದು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯತೊಡಗಿದಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2003ರ ಸುಮಾರಿಗೆ ವೆನಿಲ್ಲಾದ ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ ಬಂತು. ಕೆಲವೇ ವರ್ಷಗಳಲ್ಲಿ ಅದು ನೂರರ ಲೆಕ್ಕಕ್ಕೆ ಇಳಿಯಿತು. ಅದನ್ನು ಅಡಿಕೆಯ ನಡುವೆ ನಾಲ್ಕು ಬಳ್ಳಿಯಾಗಿ ಬೆಳೆದವನು ನಕ್ಕು ಮರೆತ. ಸಾಲ ಮಾಡಿ ಅದನ್ನೇ ನೆಚ್ಚಿದವನು ಮರೆಯಲಾರದಾದ. 2024ರಲ್ಲಿ ಲೋಕದ ಪೇಟೆಯಲ್ಲಿ ಕೊಕ್ಕೋ ಟನ್ನಿಗೆ ಹತ್ತು ಸಾವಿರ ಡಾಲರನ್ನು ದಾಟಿದಾಗ, ಧಾರಣೆ ಇಲ್ಲದ ಕಾಲದಲ್ಲಿಯೂ ಗಿಡ ಉಳಿಸಿಕೊಂಡಿದ್ದವರ ಮನೆಗೆ ಅದೃಷ್ಟ ಬಂತು.

ಇಂದು ಅಡಿಕೆಗೆ ಒಳ್ಳೆಯ ಬೆಲೆಯುಂಟು. ಆದರೆ ಸುಳ್ಯದ ಸಂಪಾಜೆ, ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದೆ. ಇತ್ತೀಚೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಇಷ್ಟೆಲ್ಲ ತಿಳಿದೂ ಒಂದೇ ಮರವನ್ನು ನೆಚ್ಚುವುದು ವಿವೇಕವೆನಿಸದು.

ಸರಪಣಿಯ ಕೊಂಡಿಗಳು

ಮಿಶ್ರ ತೋಟದಲ್ಲಿ ಬೆಳೆಗಳು ಒಂದರ ಪಕ್ಕ ಒಂದು ನಿಂತಿವೆಯೆಂದಷ್ಟೇ ತಿಳಿಯಬಾರದು. ಒಂದು ಇನ್ನೊಂದನ್ನು ಸಾಕುತ್ತದೆ. ಗದ್ದೆಯ ಬೈಹುಲ್ಲು ಹಟ್ಟಿಗೆ, ಕುಮ್ಕಿಯ ಸೊಪ್ಪು ದನದ ಕಾಲಡಿಗೆ, ಹಟ್ಟಿಯ ಗೊಬ್ಬರ ಅಡಿಕೆಯ ಬುಡಕ್ಕೆ, ಅಡಿಕೆಯ ಹಾಳೆ ಮತ್ತೆ ದನಕ್ಕೆ. ಹಿಂದೆ ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಅಳೆದು ಬೈಹುಲ್ಲಿನಲ್ಲಿ ಅಕ್ಕಿಮುಡಿ ಕಟ್ಟುತ್ತಿದ್ದರು. ಇಂದು ಆ ಗದ್ದೆಗಳಲ್ಲಿ ಬಹುಪಾಲು ಅಡಿಕೆ ಸಸಿಗಳು ನಿಂತಿವೆ. ಲೆಕ್ಕದ ಪುಸ್ತಕದಲ್ಲಿ ಇದು ಲಾಭವೇ. ಆದರೆ ಗದ್ದೆ ಹೋದಾಗ ಹುಲ್ಲು ಹೋಯಿತು. ಹುಲ್ಲು ಹೋದಾಗ ದನ, ದನದೊಡನೆ ಗೊಬ್ಬರ. ನೀರು ನಿಂತು ಇಂಗುತ್ತಿದ್ದ ಗದ್ದೆಗಳಿಲ್ಲದೆ ಬಾವಿಯ ಮಟ್ಟವೂ ಕುಸಿಯುತ್ತದೆ. ಅಡಿಕೆಗೆ ನೀರು ಹಾಯಿಸಬೇಕಾದ ತಿಂಗಳುಗಳೂ ಕೊಯ್ಲಿನ ತಿಂಗಳುಗಳೂ ಒಂದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಕೈಗಳು ಎಲ್ಲಿ?

ಕೊನೆಯ ಕೊಂಡಿ ಮನುಷ್ಯನದು. ಐವತ್ತು ಅಡಿಯ ಸಪೂರ ಮರವನ್ನು ಕಾಲಿಗೆ ತಳೆ ಹಾಕಿ ಏರಿ, ಕೆಳಗಿಳಿಯದೆ ಮರದಿಂದ ಮರಕ್ಕೆ ತೂಗಿ ದಾಟುವ ಕಸುಬುದಾರರು ವಿರಳರಾಗುತ್ತಿದ್ದಾರೆ. ಬಿದ್ದರೆ ಬದುಕೇ ಹೋಗುವ ಕಸುಬಿಗೆ ತಮ್ಮ ಮಕ್ಕಳನ್ನು ಅವರು ಕಳುಹಿಸದಿದ್ದರೆ ದೂರುವ ಅಧಿಕಾರ ನಮಗಿಲ್ಲ. ಕಾರ್ಬನ್ ಫೈಬರಿನ ಹಗುರ ದೋಟಿಗಳು ಬಂದಿವೆ. ನೆಲದಲ್ಲಿಯೇ ನಿಂತು ಗೊನೆ ಇಳಿಸಬಹುದು, ಮದ್ದನ್ನೂ ಬಿಡಬಹುದು. ವಿಟ್ಲದಲ್ಲಿ ಯುವಕರಿಗೆ ಮರವೇರುವ ತರಬೇತಿ ಶಿಬಿರಗಳೂ ನಡೆದಿವೆ. ಯಂತ್ರ ಇಳಿಸಬಲ್ಲದು. ಆದರೆ ಯಾವ ಗೊನೆ ಮಾಗಿದೆ, ಯಾವ ಬಳ್ಳಿಗೆ ಮುಂದಿನ ವಾರ ಎಂದು ಬಲ್ಲ ಕಣ್ಣು ತೋಟದಲ್ಲಿಯೇ ಬೆಳೆಯಬೇಕು. ಆ ಕಣ್ಣುಗಳಲ್ಲಿ ಅನೇಕವು ಇಂದು ಮುಹೈಸ್ನಾದಲ್ಲಿ, ಶಾರ್ಜಾದಲ್ಲಿ, ಅಬುಧಾಬಿಯಲ್ಲಿವೆ.

ಇದನ್ನು ಆಕ್ಷೇಪಣೆಯಾಗಿ ನಾವು ಹೇಳುತ್ತಿಲ್ಲ. ತಾವು ಕಳುಹಿಸಿದ ಹಣದಿಂದಲೇ ಎಷ್ಟೋ ತೋಟಗಳಿಗೆ ಪಂಪು ಬಂತು, ಅಂಗಳಕ್ಕೆ ಪ್ಲಾಸ್ಟಿಕ್ಕಿನ ಒಣಗುಮನೆ ಬಂತು, ಕೊಳೆರೋಗದ ವರ್ಷಗಳಲ್ಲಿ ಅಡುಗೆಮನೆಯ ಒಲೆ ಉರಿಯಿತು. ಗಲ್ಫಿನ ಸಂಬಳವೂ ಮಿಶ್ರ ತೋಟದ ಒಂದು ಬೆಳೆಯೇ ಆಯಿತು. ಆದರೆ ಆ ಬೆಳೆಗೂ ಒಂದು ಕೊನೆಯ ಕೊಯ್ಲು ಇದೆ. ಅನಂತರ ತಾವು ಮರಳುವ ತೋಟ ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ಇಂದೇ ನಿರ್ಧರಿಸಬೇಕಾಗಿದೆ.

ಆದುದರಿಂದ ಎರಡು ಸಲಹೆಗಳು. ಮೊದಲನೆಯದು: ಊರಿನಲ್ಲಿ ಜಮೀನಿರುವವರು ಫೋನಿನಲ್ಲಿ "ಎಲ್ಲವನ್ನೂ ಅಡಿಕೆ ಮಾಡಿಬಿಡಿ, ನೋಡಿಕೊಳ್ಳಲು ಸುಲಭ" ಎಂದು ಹೇಳುವ ಮುನ್ನ ಸ್ವಲ್ಪ ತಡೆಯಿರಿ. ಒಂದು ಗದ್ದೆ, ನಾಲ್ಕು ಮೆಣಸಿನ ಸಾಲು, ಹತ್ತು ಕೊಕ್ಕೋ ಗಿಡ ಉಳಿಯಲಿ. ಅವನ್ನು ನೋಡಿಕೊಳ್ಳುವ ವೃದ್ಧ ತಾಯಿತಂದೆಯರಿಗೆ ಹಣದೊಡನೆ ಆಳಿನ ನೆರವೂ ತಲುಪಲಿ. ಮುಯ್ಯಾಳು ಮತ್ತೆ ಹುಟ್ಟಬೇಕಾದರೆ ನೆರೆಹೊರೆಯವರೊಡನೆ ಮಾತು ಉಳಿದಿರಬೇಕು.

ಎರಡನೆಯದು ಮಕ್ಕಳ ವಿಚಾರ. ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಆದುದರಿಂದ ನಮ್ಮ ಮಕ್ಕಳು ತೋಟವನ್ನು ಕಾಣುವುದು ಆಟಿ ತಿಂಗಳ ಜಡಿಮಳೆಯಲ್ಲಿ, ಉಂಬಳದ ಕಾಟದಲ್ಲಿ, ಮೈಲುತುತ್ತದ ನೀಲಿಯಲ್ಲಿ ಮಾತ್ರ. ತೋಟ ಕೊಡುವುದನ್ನು ಅವರು ಕಂಡೇ ಇಲ್ಲ. ಅದು ಬೇಡುವುದನ್ನಷ್ಟೇ ಕಂಡಿದ್ದಾರೆ. ಡಿಸೆಂಬರಿನ ರಜೆ ಚಿಕ್ಕದು, ವಿಮಾನದ ದರ ದೊಡ್ಡದು, ನಿಜ. ಆದರೂ ಬಾಲ್ಯದಲ್ಲಿ ಒಮ್ಮೆಯಾದರೂ ಅವರು ಅಂಗಳ ತುಂಬ ಹರವಿದ ಹಳದಿ ಹಣ್ಣಡಿಕೆಯ ನಡುವೆ ನಿಲ್ಲಬೇಕು, ಅಜ್ಜನೊಡನೆ ಅಡಿಕೆ ಮಗುಚಬೇಕು, ಕೊಕ್ಕೋ ಬೀಜದ ಲೋಳೆಯನ್ನು ಚೀಪಿ ನೋಡಬೇಕು. ತೋಟವನ್ನು ಮಾರುವುದೋ ಉಳಿಸುವುದೋ ಎಂಬ ಪ್ರಶ್ನೆ ಮುಂದೊಂದು ದಿನ ಅವರ ಮುಂದೆಯೇ ಬರುವುದು. ಕೊಯ್ಲನ್ನು ಕಂಡವರು ಆ ಪ್ರಶ್ನೆಗೆ ತಿಳಿದು ಉತ್ತರಿಸಬಲ್ಲರು.