ಕ್ಯಾನ್ಸರ್ ರೋಗಿಯೂ ನಾಳೆಯ ಲೆಕ್ಕವೂ

ಕ್ಯಾನ್ಸರ್ ತಗುಲಿದ ರೋಗಿಯು ವೈದ್ಯನನ್ನು ಕೇಳುವ ಮೊದಲ ಪ್ರಶ್ನೆ “ಇದು ಗುಣವಾಗುವುದೇ?” ಎಂಬುದು. “ಇನ್ನೆಷ್ಟು ಕಾಲ?” ಎಂಬ ಎರಡನೆಯ ಪ್ರಶ್ನೆ ಹಲವು ಸಲ ಬಾಯಿಗೆ ಬಾರದೆ ಮನಸ್ಸಿನಲ್ಲಿಯೇ ಉಳಿಯುತ್ತದೆ. ರೋಗವು ಮುಂದೆ ಹಿಡಿಯಬಹುದಾದ ದಾರಿಯನ್ನು ಕುರಿತು ವೈದ್ಯನು ಮಾಡುವ ಅಂದಾಜನ್ನು ನಾವು ‘ಮುನ್ನರಿವು’ ಎಂದು ಕರೆಯೋಣ. ಈ ಮುನ್ನರಿವು ರೋಗಿಗೆ ಎಷ್ಟರಮಟ್ಟಿಗೆ ತಿಳಿದಿರುತ್ತದೆ? ತಿಳಿದರೆ ಅವನ ಮನಸ್ಸು ಏನಾಗುತ್ತದೆ?

ಹಿಂದೆ ರೋಗಿಗೆ ಏನನ್ನೂ ಹೇಳದಿರುವುದೇ ದಯೆಯೆಂದು ಹೆಚ್ಚಿನ ವೈದ್ಯರು ಭಾವಿಸಿದ್ದರು. ಅಮೆರಿಕದ ಷಿಕಾಗೋ ನಗರದ ಆಸ್ಪತ್ರೆಯೊಂದರ ವೈದ್ಯರ ಅಭಿಪ್ರಾಯವನ್ನು ಸಂಗ್ರಹಿಸಿ 1961ರಲ್ಲಿ ಪ್ರಕಟಿಸಿದಾಗ, ನೂರಕ್ಕೆ 90 ಮಂದಿ ಕ್ಯಾನ್ಸರ್ ಇರುವುದನ್ನು ರೋಗಿಗೆ ತಿಳಿಸದಿರುವುದೇ ಲೇಸೆಂದಿದ್ದರು. 1979ರಲ್ಲಿ ಆ ದೇಶದಲ್ಲಿಯೇ ಪ್ರಕಟವಾದ ಇನ್ನೊಂದು ವರದಿಯಲ್ಲಿ ನೂರಕ್ಕೆ 97 ಮಂದಿ ತಿಳಿಸುವುದೇ ಸರಿಯೆಂದರು.

ಆದರೆ ಹೇಳುವುದು ಬೇರೆ, ಮನದಟ್ಟಾಗುವುದು ಬೇರೆ. ಕ್ಯಾನ್ಸರ್ ದೇಹದ ಇತರ ಭಾಗಗಳಿಗೆ ಹರಡಿ ಕಿಮೊಥೆರಪಿ ಪಡೆಯುತ್ತಿದ್ದ 1,193 ಮಂದಿ ಅಮೆರಿಕನ್ ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆ ಹಂತದಲ್ಲಿ ಔಷಧವು ಆಯುಸ್ಸನ್ನು ಕೆಲಕಾಲ ಹೆಚ್ಚಿಸಬಹುದು, ಬಾಧೆಯನ್ನು ತಗ್ಗಿಸಬಹುದು. ರೋಗವನ್ನು ಬೇರುಸಹಿತ ಕೀಳುವ ಸಂಭವ ಬಹು ಕಡಿಮೆ. ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ನೂರಕ್ಕೆ 69 ಮಂದಿಯೂ ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ 81 ಮಂದಿಯೂ ಇದನ್ನು ಗ್ರಹಿಸಿರಲಿಲ್ಲ. ತಮ್ಮ ವೈದ್ಯರು ಬಹಳ ಚೆನ್ನಾಗಿ ಮಾತನಾಡುವರೆಂದು ಮೆಚ್ಚಿದ್ದವರಲ್ಲಿಯೇ ಈ ತಪ್ಪು ತಿಳಿವಳಿಕೆ ಹೆಚ್ಚಾಗಿತ್ತೆಂಬುದು ವಿಚಾರಾರ್ಹ. ‘ಚಿಕಿತ್ಸೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅದನ್ನು ‘ಗುಣ’ ಎಂದೇ ಅರ್ಥಮಾಡಿಕೊಳ್ಳಲು ಹಾತೊರೆಯುತ್ತದೆ.

ಅಂಕಿಗಳೂ ದಾರಿ ತಪ್ಪಿಸಬಲ್ಲವು. ಹೆಸರಾಂತ ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪೊರೆಯ ವಿರಳವಾದ ಕ್ಯಾನ್ಸರ್ ಕಾಣಿಸಿಕೊಂಡಿತು. ಅಂಥ ರೋಗಿಗಳ ಉಳಿವಿನ ಮಧ್ಯಾಂಕ ಎಂಟು ತಿಂಗಳೆಂದು ಅವರು ಗ್ರಂಥಗಳಲ್ಲಿ ಓದಿದರು. ‘ಎಂಟು ತಿಂಗಳಲ್ಲಿ ಸಾವು’ ಎಂದು ಇದರ ಅರ್ಥವಲ್ಲ. ರೋಗಿಗಳಲ್ಲಿ ಅರ್ಧದಷ್ಟು ಮಂದಿ ಎಂಟು ತಿಂಗಳೊಳಗೆ ತೀರಿಕೊಳ್ಳುವರು. ಉಳಿದರ್ಧ ಅದನ್ನು ದಾಟುವರು, ಅವರಲ್ಲಿ ಕೆಲವರು ಬಹು ದೂರ ಸಾಗುವರು. ಗೂಲ್ಡ್ ಅವರು ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ನಿಧನರಾದರು. ಎಲ್ಲರಿಗೂ ಈ ಭಾಗ್ಯವಿಲ್ಲ. ಆದರೆ ಗುಂಪಿನ ಲೆಕ್ಕವು ಒಬ್ಬನ ಹಣೆಬರಹವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಿಜವನ್ನರಿತರೆ ರೋಗಿಯು ಕುಸಿದುಹೋಗುವನೆಂಬ ಭಯ ನಿರಾಧಾರವಲ್ಲ. ಭೀತಿ, ಕೋಪ, ನಿದ್ರಾಹೀನತೆಗಳು ಸಹಜ. ಸರಿಯಾದ ಅರಿವಿನಿಂದ ಕೆಲವರ ಆತಂಕ ಹೆಚ್ಚಿದುದೂ ಉಂಟು. ಹೀಗಿದ್ದರೂ ಅರಿವಿನೊಡನೆ ಆಸರೆಯೂ ದೊರೆತರೆ ಫಲ ಬೇರೆಯಾಗಬಲ್ಲುದು. ಬಾಸ್ಟನ್ ನಗರದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ನೋವುಸಂಕಟಗಳನ್ನು ಶಮನಗೊಳಿಸುವ ಆರೈಕೆಯನ್ನೂ ಮೊದಲಿನಿಂದಲೇ ಕೊಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ಖಿನ್ನತೆ ಕಡಿಮೆಯಿತ್ತು. ತಮ್ಮ ಸ್ಥಿತಿಯ ಸರಿಯಾದ ಅರಿವೂ ಕ್ರಮೇಣ ಅವರಲ್ಲಿಯೇ ಹೆಚ್ಚಾಗಿ ಕಂಡಿತು. ಅವರ ಉಳಿವಿನ ಮಧ್ಯಾಂಕ 11.6 ತಿಂಗಳು, ಇನ್ನೊಂದು ಗುಂಪಿನದು 8.9.

ನಮ್ಮ ದೇಶದಲ್ಲಿ “ಅವರಿಗೆ ಮಾತ್ರ ಹೇಳಬೇಡಿ” ಎಂದು ಮನೆಯವರೇ ವೈದ್ಯರನ್ನು ಬೇಡಿಕೊಳ್ಳುವುದು ಸಾಮಾನ್ಯ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಮನೆಯವರ ಪಿಸುಮಾತಿನಿಂದ, ತಪ್ಪಿಸುವ ನೋಟದಿಂದ ರೋಗಿಯು ಎಷ್ಟೋ ವೇಳೆ ಸಂಗತಿಯನ್ನು ಊಹಿಸಿರುತ್ತಾನೆ. ಆಗ ತನ್ನ ಭಯವನ್ನು ಅವನೊಬ್ಬನೇ ಹೊರಬೇಕಾಗುತ್ತದೆ. ಆಸ್ತಿಯ ಪತ್ರ ಬರೆಯುವುದು, ಮುನಿದ ತಮ್ಮನನ್ನು ಕರೆಸಿಕೊಳ್ಳುವುದು, ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯುವುದೋ ಆಸ್ಪತ್ರೆಯಲ್ಲೋ ಎಂದು ತೀರ್ಮಾನಿಸುವುದು, ಇವನ್ನೆಲ್ಲ ಅರಿವಿಲ್ಲದವನು ಹೇಗೆ ಮಾಡಿಯಾನು?

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂದಿಲ್ಲ. “ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?” ಎಂದು ವೈದ್ಯನು ಮೊದಲು ಕೇಳಲಿ; ಹೇಳಿದ ಮೇಲೆ ಏನು ತಿಳಿಯಿತೆಂದು ಮತ್ತೊಮ್ಮೆ ಕೇಳಲಿ. ಉಳಿದ ಕಾಲ ಎಷ್ಟೇ ಆಗಿರಲಿ, ಅದು ರೋಗಿಯದು. ಅದನ್ನು ಹೇಗೆ ಕಳೆಯಬೇಕೆಂದು ನಿರ್ಧರಿಸುವ ಹಕ್ಕೂ ಅವನದೇ.