ಮರುಭೂಮಿ ರ‍್ಯಾಲಿ: ಗಾಡಿ ಎಲ್ಲಿ ಸೋಲುತ್ತದೆ, ಹೇಗೆ ಉಳಿಯುತ್ತದೆ

1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಮೊದಲ ಡಾಕರ್ ರ‍್ಯಾಲಿ ಹೊರಟಾಗ ಅದರಲ್ಲಿ 182 ವಾಹನಗಳಿದ್ದವು. ಸಹಾರಾ ದಾಟಿ ಸೆನೆಗಲ್‌ನ ಡಾಕರ್ ಮುಟ್ಟಿದವು 74. ರ‍್ಯಾಲಿ 2009ರಲ್ಲಿ ದಕ್ಷಿಣ ಅಮೆರಿಕಕ್ಕೆ, 2020ರಲ್ಲಿ ಸೌದಿ ಅರೇಬಿಯಾಕ್ಕೆ ಹೋಯಿತು. ಎಲ್ಲಿ ನಡೆದರೂ ಎರಡು-ಮೂರು ವಾರ, ದಿನವೂ ನೂರಾರು ಕಿಲೋಮೀಟರ್ ಮರಳು, ಕಲ್ಲು, ದೂಳಿನಲ್ಲಿ ಓಡಬೇಕಾದ ಗಾಡಿಗೆ ವೇಗಕ್ಕಿಂತ ಬಾಳಿಕೆ ಮುಖ್ಯ. ಅದಕ್ಕಾಗಿ ಮಾಡುವ ಮಾರ್ಪಾಡುಗಳಿಗೆಲ್ಲ ಒಂದೇ ಸೂತ್ರ: ಒಂದು ಭಾಗವನ್ನು ಗಟ್ಟಿ ಮಾಡಿದರೆ ಭಾರ ಅದರ ಪಕ್ಕದ ಭಾಗಕ್ಕೆ ದಾಟುತ್ತದೆ. ಇದನ್ನು ಮರೆತು ದುಬಾರಿ ಬಿಡಿಭಾಗ ಹಾಕಿದವರ ಗಾಡಿ ಹೊಸ ಜಾಗದಲ್ಲಿ ಮುರಿಯುತ್ತದೆ.

ಟೈರು ಮತ್ತು ಗಾಳಿ

ಮರಳಿನಲ್ಲಿ ಮೊದಲ ಮಾರ್ಪಾಡಿಗೆ ದುಡ್ಡೇ ಬೇಡ. ಗಾಳಿ ಇಳಿಸಿದರೆ ಟೈರು ಒಂಟೆಯ ಪಾದದಂತೆ ಅಗಲವಾಗಿ, ಅದಕ್ಕಿಂತ ಹೆಚ್ಚಾಗಿ ಉದ್ದವಾಗಿ ನೆಲಕ್ಕೆ ಹರಡುತ್ತದೆ; ಭಾರ ಹಂಚಿಹೋಗಿ ಚಕ್ರ ಹೂತುಹೋಗುವುದು ತಪ್ಪುತ್ತದೆ. ಆದರೆ ಅದೇ ಗಾಳಿಯಲ್ಲಿ ಕಲ್ಲಿನ ಹಾದಿಗೆ ಬಂದರೆ ಟೈರಿನ ಪಕ್ಕದ ಗೋಡೆ ಸೀಳುತ್ತದೆ, ರಿಮ್ಮಿಗೆ ಪೆಟ್ಟಾಗುತ್ತದೆ, ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದಲೇ ಕಳಚುತ್ತದೆ. ಹಾಗಾಗಿ ಗಾಳಿ ಇಳಿಸುವವರ ಬಳಿ ಗಾಳಿ ತುಂಬುವ ಕಂಪ್ರೆಸರ್ ಇರಲೇಬೇಕು.

2021ರ ಡಾಕರ್‌ನಲ್ಲಿ ಸೌದಿಯ ಚೂಪುಗಲ್ಲುಗಳು ನಾಲ್ಕು ಚಕ್ರ ಚಾಲನೆಯ ಮುಂಚೂಣಿ ಗಾಡಿಗಳ ಟೈರುಗಳನ್ನು ಮೇಲಿಂದ ಮೇಲೆ ಕೊಯ್ದವು. ಮರುವರ್ಷ ಟಿ1 ಪ್ಲಸ್ ಎಂಬ ಹೊಸ ವಿಭಾಗ ಬಂತು. ಅದುವರೆಗಿನ 32 ಇಂಚಿನ ಟೈರಿನ ಜಾಗಕ್ಕೆ 37 ಇಂಚಿನದು ಬಂದದ್ದಷ್ಟೇ ಅಲ್ಲ. ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಅಳತೆ 280ರಿಂದ 350 ಮಿಲಿಮೀಟರಿಗೆ, ಗಾಡಿಯ ಅಗಲ 2 ಮೀಟರಿನಿಂದ 2.3 ಮೀಟರಿಗೆ ಏರಿತು. ಚಾಲಕ ನಾಸರ್ ಅಲ್-ಅತಿಯಾ 2022ರಲ್ಲಿ ಡಾಕರ್ ಗೆದ್ದದ್ದು ಇಂಥ ಟೊಯೋಟಾ ಹೈಲಕ್ಸ್‌ನಲ್ಲಿ. ಟೈರಿನ ತೊಂದರೆ ಟೈರು ಬದಲಿಸಿದರಷ್ಟೇ ತೀರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮನೆಯ ಜೀಪಿಗೆ ದೊಡ್ಡ ಟೈರು ಹಾಕುವವರೂ ಇದನ್ನು ಗಮನಿಸಬೇಕು: ಗೇರಿನ ಎಳೆತ ತಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ವೀಲ್ ಬೇರಿಂಗ್ ಬೇಗ ಸವೆಯುತ್ತದೆ.

ಶಾಕ್ ಅಬ್ಸಾರ್ಬರ್

ಸ್ಪ್ರಿಂಗು ಗಾಡಿಯನ್ನು ಹೊರುತ್ತದೆ. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅಡಗಿದ ಕುಣಿತವೆಲ್ಲ ಒಳಗಿನ ಎಣ್ಣೆಯಲ್ಲಿ ಬಿಸಿಯಾಗುತ್ತದೆ. ಗಂಟೆಗಟ್ಟಲೆ ಕುಲುಕಾಟದಲ್ಲಿ ಎಣ್ಣೆ ತೆಳುವಾಗಿ, ನೊರೆಗಟ್ಟಿ, ಹಿಡಿತ ಬಿಡುತ್ತದೆ. ಆಮೇಲಿನ ಪೆಟ್ಟೆಲ್ಲ ಚಾಸಿಗೆ. ರ‍್ಯಾಲಿ ಗಾಡಿಯ ಶಾಕ್‌ಗಳಿಗೆ ಪ್ರತ್ಯೇಕ ಎಣ್ಣೆ ಡಬ್ಬಿ, ನೊರೆ ತಡೆಯಲು ನೈಟ್ರೋಜನ್ ಒತ್ತಡ ಇರುವುದು ಇದಕ್ಕೇ. ಕೆಲವು ಗಾಡಿಗಳಲ್ಲಿ ಚಕ್ರಕ್ಕೆ ಎರಡೆರಡು ಶಾಕ್ ಇರುತ್ತವೆ. ಶಾಕ್ ಗಟ್ಟಿಯಾದರೆ ಅದನ್ನು ಕೂರಿಸಿದ ಜಾಗಕ್ಕೆ ಏಟು ಹೆಚ್ಚು. ಅಲ್ಲಿಗೆ ಹೆಚ್ಚುವರಿ ತಗಡು ಬೆಸೆಯದಿದ್ದರೆ ಬಿರುಕು ಖಚಿತ.

ದೂಳು, ಬಿಸಿ

ಮರುಭೂಮಿಯಲ್ಲಿ ಫೆಶ್‌ಫೆಶ್ ಎಂಬ, ಹಿಟ್ಟಿಗಿಂತ ನುಣುಪಾದ ದೂಳಿದೆ. ಅದು ಎಂಜಿನ್ ಒಳಗೆ ಹೋದರೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎರಡನ್ನೂ ತೇಯುತ್ತದೆ. ಗಾಳಿ ಎಳೆಯುವ ಬಾಯನ್ನು ಎತ್ತರಕ್ಕೇರಿಸಬೇಕು, ದಪ್ಪ ದೂಳನ್ನು ಸುತ್ತಿಸಿ ಹೊರಹಾಕುವ ಪ್ರೀ-ಕ್ಲೀನರ್ ಹಾಕಬೇಕು. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರ ನಂತರದ ಪೈಪಿನ ಒಂದು ಕ್ಲಿಪ್ ಸಡಿಲವಿದ್ದರೆ ಎಲ್ಲವೂ ವ್ಯರ್ಥ.

ದಿಬ್ಬ ಹತ್ತುವಾಗ ಗಾಡಿ ನಿಧಾನ, ಎಂಜಿನ್ ಜೋರು. ಎದುರುಗಾಳಿ ಸಿಗದ ರೇಡಿಯೇಟರಿಗೆ ಅದೇ ಕಷ್ಟದ ಹೊತ್ತು. ಎಂಜಿನ್ನಿನ ಬಲ ಹೆಚ್ಚಿಸಿದರೆ ಬಿಸಿಯೂ ಹೆಚ್ಚುವುದರಿಂದ, ತಂಪಾಗಿಸುವ ವ್ಯವಸ್ಥೆ ಮೊದಲು, ಬಲ ಆಮೇಲೆ.

ಆಕ್ಸಲ್

ಮರಳಿನಲ್ಲಿ ಗಿರಗಿರನೆ ತಿರುಗುತ್ತಿದ್ದ ಚಕ್ರಕ್ಕೆ ತಟ್ಟನೆ ಗಟ್ಟಿ ನೆಲ ಸಿಕ್ಕರೆ ಆ ಪೆಟ್ಟು ಆಕ್ಸಲ್ ಶಾಫ್ಟಿಗೆ, ಶಾಫ್ಟು ಬಾಗಿದ ಕೋನದಲ್ಲೂ ಬಲ ದಾಟಿಸುವ ಸಿವಿ ಜಾಯಿಂಟಿಗೆ ಬೀಳುತ್ತದೆ. ಡಿಫರೆನ್ಷಿಯಲ್ ಲಾಕ್ ಸಿಕ್ಕಿಬಿದ್ದ ಗಾಡಿಯನ್ನು ಬಿಡಿಸುತ್ತದೆ ನಿಜ. ಆದರೆ ಹಿಡಿತವಿರುವ ಒಂದೇ ಚಕ್ರಕ್ಕೆ ಇಡೀ ಬಲವನ್ನು ಕಳಿಸಿ ಅದರ ಶಾಫ್ಟನ್ನು ಮುರಿಯಲೂಬಲ್ಲದು. ಇಲ್ಲಿ ಚಾಲಕನ ಸಂಯಮವೇ ದೊಡ್ಡ ರಕ್ಷಣೆ: ಚಕ್ರ ಸುತ್ತತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಇಳಿದು, ಸಲಿಕೆ ಹಿಡಿಯಬೇಕು.

ರಿಪೇರಿಯ ಸುಲಭ

ಡಾಕರ್‌ನ ಮ್ಯಾರಥಾನ್ ಹಂತದಲ್ಲಿ ತಂಡದ ಮೆಕ್ಯಾನಿಕ್‌ಗಳು ರಾತ್ರಿ ಗಾಡಿ ಮುಟ್ಟುವಂತಿಲ್ಲ, ಚಾಲಕರೇ ಮಾಡಿಕೊಳ್ಳಬೇಕು. ಆದ್ದರಿಂದ ಕಡಿಮೆ ಅಳತೆಯ ಸ್ಪ್ಯಾನರುಗಳಲ್ಲಿ ಬಿಚ್ಚಿ ಕಟ್ಟುವಂತಿರುವುದೂ ವಿಶ್ವಾಸಾರ್ಹತೆಯ ಭಾಗವೇ. ಬಿಗಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಜರುಗಿದ್ದರೆ ಬೋಲ್ಟ್ ಸಡಿಲವಾಗಿದೆ ಎಂದರ್ಥ.

ಜೈಸಲ್ಮೇರ್‌ನ ಮರಳಿಗೆ ಸ್ವಂತ ಗಾಡಿ ಒಯ್ಯುವವರು ಖರ್ಚನ್ನು ಈ ಕ್ರಮದಲ್ಲಿ ಮಾಡಲಿ: ಹಳೆಯ ಬುಷ್, ಹೋಸ್, ಬೆಲ್ಟ್, ಬೇರಿಂಗ್ ಬದಲಿಸುವುದು, ಒಳ್ಳೆಯ ಟೈರು, ಕಂಪ್ರೆಸರ್, ಸ್ಟೆಪ್ನಿ, ತಂಪು ಮತ್ತು ಗಾಳಿ ಶುದ್ಧಿ, ನಂತರ ಶಾಕ್. ಬೇಡದ ಪ್ರತಿ ಕಿಲೋ ತೂಕವನ್ನು ಇಳಿಸಿ. ಎಂಜಿನ್ ಬಲ ಪಟ್ಟಿಯ ಕೊನೆಗಿರಲಿ. ಅಲ್ಲಿಗೆ ಬರುವಷ್ಟರಲ್ಲಿ ಬಹಳ ಮಂದಿಗೆ ಅದು ಬೇಕಾಗಿಯೇ ಇರುವುದಿಲ್ಲ.